ಐ-ಪಿಲ್ ತಗೊಂಡ ಮೇಲೆ ಮುಟ್ಟು ಐದು ದಿನ ಲೇಟು. ಬರಿಸೋಕೆ ಯಾವ ಮಾತ್ರೆ?

ಮುಟ್ಟು ಬರಿಸೋ ಮಾತ್ರೆಯ ಹೆಸರು ಕೇಳಿದ್ದೀರಿ, ಅದನ್ನ ನಾನು ಹೇಳಲ್ಲ. ಮಂಡ್ಯದಲ್ಲಿ ಮೆಡಿಕಲ್ ಸ್ಟೋರ್ ನೋಡಿಕೊಳ್ಳೋಳು ನಾನು, ಈ ಪ್ರಶ್ನೆ ನನಗೆ ಹೊಸದೇನಲ್ಲ. ನಿಮ್ಮ ಪ್ರಶ್ನೆಯಲ್ಲಿ ಮಾತ್ರೆಗಿಂತ ಮುಖ್ಯವಾದ ಸಾಲು ಬೇರೆ ಇದೆ, ಅದನ್ನ ನೀವು ಬ್ರಾಕೆಟ್ ಒಳಗೆ ಹಾಕಿ ಬಿಟ್ಟಿದ್ದೀರಿ: "19ಕ್ಕೆ ಇನ್ನೊಂದು ಸಲ ಸೇರಿದ್ವಿ, ಆದ್ರೆ ಆಗಲೇ ಪಿಲ್ ತಗೊಂಡಿದ್ದೆನಲ್ಲ."

ಎಲ್ಲ ಎಡವಟ್ಟಾಗೋದು ಅಲ್ಲೇ. ನೀವು ಕೊಟ್ಟ ತಾರೀಖುಗಳನ್ನೇ ಇಟ್ಟುಕೊಂಡು ನೋಡೋಣ. ಜೂನ್ 1ಕ್ಕೆ ಮುಟ್ಟು, 30 ದಿನದ ಚಕ್ರ. 12ಕ್ಕೆ ಕಾಂಡೋಮ್ ಹರಿದಿದೆ, 13ಕ್ಕೆ ಐ-ಪಿಲ್, ಅಂದರೆ ತುರ್ತು ಗರ್ಭನಿರೋಧಕ ಮಾತ್ರೆ ನುಂಗಿದ್ದೀರಿ. 26ಕ್ಕೆ ಗರ್ಭ ಪರೀಕ್ಷೆಯ ಕಿಟ್‌ನಲ್ಲಿ ಒಂದೇ ಗೆರೆ, ಅಂದರೆ ನೆಗೆಟಿವ್. ಇವತ್ತು ಜುಲೈ 6, ಮೊಬೈಲ್ ಆ್ಯಪ್ ಐದು ದಿನ ಲೇಟು ಅಂತಿದೆ.

ಆ ಮಾತ್ರೆಯಲ್ಲಿರೋದು ಲೆವೊನಾರ್‌ಜೆಸ್ಟ್ರೆಲ್ 1.5 ಮಿಲಿಗ್ರಾಂ. ಅದು ಮಾಡೋ ಮುಖ್ಯ ಕೆಲಸ ಅಂಡಾಶಯದಿಂದ ಮೊಟ್ಟೆ ಬಿಡುಗಡೆ ಆಗೋದನ್ನ ಮುಂದಕ್ಕೆ ಹಾಕೋದು. ವೀರ್ಯಾಣು ಒಳಗೆ ಸುಮಾರು ಐದು ದಿನ ಬದುಕಿರುತ್ತೆ, ಅಷ್ಟು ಹೊತ್ತು ಮೊಟ್ಟೆ ಹೊರಗೆ ಬರದೇ ಇದ್ದರೆ ಕೆಲಸ ಆಯ್ತು. ಮೊಟ್ಟೆ ಆಗಲೇ ಬಿಡುಗಡೆ ಆಗಿಬಿಟ್ಟಿದ್ದರೆ ಮಾತ್ರೆ ಏನೂ ಮಾಡಲ್ಲ, ನಿಂತ ಗರ್ಭವನ್ನಂತೂ ತೆಗೆಯೋದೇ ಇಲ್ಲ. ಈಗ ಯೋಚನೆ ಮಾಡಿ: ಮುಟ್ಟು ಬರೋದು ಮೊಟ್ಟೆ ಬಿಡುಗಡೆಯಾದ ಸುಮಾರು ಎರಡು ವಾರಕ್ಕೆ. ಮೊಟ್ಟೆಯೇ ತಡವಾದರೆ ಮುಟ್ಟೂ ತಡ. ಆ್ಯಪ್‌ಗೆ ಇದು ಗೊತ್ತಿಲ್ಲ, ಅದು ಹಳೇ ತಿಂಗಳ ಲೆಕ್ಕವನ್ನೇ ಒಪ್ಪಿಸುತ್ತೆ. ಒಂದು ವಾರ ಹಿಂದೆ ಮುಂದೆ ಆಗೋದು ಈ ಮಾತ್ರೆಯ ಮಾಮೂಲಿ ಗುಣ. ಹಾಗಾಗಿ ಐದು ದಿನಕ್ಕೇ ಗಾಬರಿ ಬೇಡ.

ಗಾಬರಿ ಅಲ್ಲದಿದ್ದರೂ ಎಚ್ಚರ ಬೇಕಾಗಿರೋದು 19ನೇ ತಾರೀಖಿಗೆ. ಮಾತ್ರೆ ಮುಂದಿನ ದಿನಗಳಿಗೆ ಕಾವಲಲ್ಲ. ರೈಲನ್ನ ತಡ ಮಾಡಿಸಿದ್ದೀರಿ, ರದ್ದು ಮಾಡಿಸಿಲ್ಲ. 16-17ರ ಆಸುಪಾಸಿಗೆ ಬರಬೇಕಿದ್ದ ಮೊಟ್ಟೆ 20ಕ್ಕೋ 22ಕ್ಕೋ ಬಂದಿರಬಹುದು. ಅಂದರೆ 12ಕ್ಕಿಂತ 19ನೇ ತಾರೀಖೇ ಹೆಚ್ಚು ಅಪಾಯದ ದಿನ ಆಗಿರೋ ಸಾಧ್ಯತೆ ಇದೆ, ಅವತ್ತು ಕಾಂಡೋಮೂ ಇರಲಿಲ್ಲ. ಪಿಲ್ ತಗೊಂಡ ತಿಂಗಳು ಮುಟ್ಟಾಗೋವರೆಗೂ ಕಾಂಡೋಮ್ ಬಿಡಬಾರದು ಅನ್ನೋದು ಇದಕ್ಕೇ. ಪೊಟ್ಟಣದ ಒಳಗಿನ ಚೀಟಿಯನ್ನ ಯಾರೂ ಬಿಡಿಸಿ ಓದಲ್ಲ.

26ರ ಟೆಸ್ಟು ಲೆಕ್ಕಕ್ಕಿಲ್ಲ. ಕಿಟ್ ಹುಡುಕೋ ಎಚ್‌ಸಿಜಿ ಹಾರ್ಮೋನು ಶುರುವಾಗೋದೇ ಗರ್ಭಕೋಶಕ್ಕೆ ಭ್ರೂಣ ಅಂಟಿದ ಮೇಲೆ, ಆಮೇಲೂ ಮೂತ್ರದಲ್ಲಿ ಕಾಣೋಷ್ಟಾಗೋಕೆ ಕೆಲವು ದಿನ ಬೇಕು. ರಕ್ಷಣೆ ಇಲ್ಲದ ಕೊನೇ ಸಲದಿಂದ 21 ದಿನ ಎಣಿಸಿ, ಮಾತ್ರೆ ತಗೊಂಡ ದಿನದಿಂದಲ್ಲ. ನಿಮಗೆ ಅದು ಜುಲೈ 10. ಬೆಳಗ್ಗೆ ಎದ್ದ ಕೂಡಲೇ ಬರೋ ಮೂತ್ರ, ಅದಕ್ಕೆ ಮುಂಚೆ ಚೊಂಬುಗಟ್ಟಲೆ ನೀರು ಕುಡೀಬೇಡಿ. ಪೌಚ್ ಅವಾಗಲೇ ಹರಿಯಿರಿ, ಡ್ರಾಪರ್‌ನಲ್ಲಿ ಸಾಮಾನ್ಯವಾಗಿ ಮೂರು ಹನಿ, ಐದು ನಿಮಿಷ (ನಿಮ್ಮ ಕಿಟ್ ಮೇಲೆ ಬೇರೆ ಬರೆದಿದ್ದರೆ ಹಾಗೇ ಮಾಡಿ). 'ಸಿ' ಗೆರೆ ಬರದಿದ್ದರೆ ಕಿಟ್ ಕೆಟ್ಟಿದೆ. ಸಮಯದೊಳಗೆ 'ಟಿ' ಗೆರೆ ಎಷ್ಟೇ ಮಸುಕಾಗಿ ಬಂದರೂ ಅದು ಪಾಸಿಟಿವ್. ಅರ್ಧ ಗಂಟೆ ಬಿಟ್ಟು ಕಸದ ಬುಟ್ಟಿಯಿಂದ ತೆಗೆದು ನೋಡಿ "ಬೂದು ಗೆರೆ ಇದೆ" ಅನ್ನಬೇಡಿ, ಒಣಗಿದ್ದಕ್ಕೆ ಅರ್ಥ ಇಲ್ಲ.

18ಕ್ಕೆ ಒಂದೆರಡು ಕಲೆ ಕಂಡಿತು ಅಂದಿದ್ದೀರಲ್ಲ, ಅದನ್ನ ಮುಟ್ಟು ಅಂತ ಎಣಿಸಬೇಡಿ. ಹಾರ್ಮೋನು ಏರಿ ಇಳಿದಾಗ ಹಾಗಾಗುತ್ತೆ. ಗರ್ಭ ಇಲ್ಲ ಅನ್ನೋದಕ್ಕೆ ಅದು ಸಾಕ್ಷಿ ಅಲ್ಲ.

ಇನ್ನು ಬರಿಸೋ ಮಾತ್ರೆ. ನಾರ್‌ಎತಿಸ್ಟೆರೋನ್ ಕೊಟ್ಟು ನಿಲ್ಲಿಸಿದರೆ ಮುಟ್ಟಿನಂತೆ ರಕ್ತ ಬರುತ್ತೆ ನಿಜ, ಆದರೆ ಡಾಕ್ಟರು ಅದನ್ನ ಬರೆಯೋದು ಗರ್ಭ ಇಲ್ಲ ಅಂತ ಖಾತ್ರಿಯಾದ ಮೇಲೆ. ಗರ್ಭ ಇದ್ದರೆ ರಕ್ತವೂ ಬರಲ್ಲ, ನಿಮಗೆ ಇನ್ನೆರಡು ವಾರ ಹಾಳು. ಇನ್ನೊಂದು ಐ-ಪಿಲ್ ನುಂಗಿದರೆ ಮುಟ್ಟು ಬರೋದಿಲ್ಲ, ಲೆಕ್ಕ ಮಾತ್ರ ಇನ್ನೂ ಕಲಸುತ್ತೆ. ಪರಂಗಿ ಹಣ್ಣು, ಎಳ್ಳು ಬೆಲ್ಲ: ಮಂಡ್ಯದಲ್ಲಿದ್ದುಕೊಂಡು ಬೆಲ್ಲ ಬೇಡ ಅನ್ನೋಳಲ್ಲ ನಾನು, ರುಚಿಗೆ ತಿನ್ನಿ.

ಗರ್ಭಪಾತದ ಕಿಟ್ ಕದ್ದು ತರಿಸೋದಂತೂ ಬೇಡವೇ ಬೇಡ. ಗರ್ಭ ನಳಿಕೆಯಲ್ಲಿ ನಿಂತಿದ್ದರೆ ಆ ಮಾತ್ರೆಗಳಿಂದ ಅದು ಹೋಗಲ್ಲ, ನಳಿಕೆ ಒಡೆದರೆ ಜೀವಕ್ಕೇ ಕುತ್ತು. ಕೆಳಹೊಟ್ಟೆಯ ಒಂದೇ ಕಡೆ ಜೋರು ನೋವು, ಭುಜದ ತುದಿಯಲ್ಲಿ ನೋವು, ತಲೆ ಸುತ್ತಿ ಬೀಳೋ ಹಾಗಾಗೋದು ಕಂಡರೆ 10ನೇ ತಾರೀಖು ಕಾಯಬೇಡಿ, ಆ ಗಳಿಗೆಯಲ್ಲೇ ಆಸ್ಪತ್ರೆ.

10ಕ್ಕೆ ಪಾಸಿಟಿವ್ ಬಂದರೆ ಮಂಡ್ಯದಲ್ಲಿ ಮಿಮ್ಸ್ ಸರ್ಕಾರಿ ಆಸ್ಪತ್ರೆ, ಮೈಸೂರಲ್ಲಿ ಚೆಲುವಾಂಬ ಆಸ್ಪತ್ರೆ. ಮದುವೆ ಆಗಿಲ್ಲ, ಕೇಳ್ತಾರೇನೋ ಅನ್ನೋ ಭಯ ನಿಮಗಿದೆ. 2021ರ ತಿದ್ದುಪಡಿ ಆದ ಮೇಲೆ ಗರ್ಭಪಾತದ ಕಾನೂನು ಮದುವೆ ಆಗದವರನ್ನೂ ಒಳಗೊಂಡಿದೆ, 18 ತುಂಬಿದ್ದರೆ ನಿಮ್ಮ ಒಪ್ಪಿಗೆ ಸಾಕು, ಮನೆಯವರ ಸಹಿ ಬೇಕಿಲ್ಲ. 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು, ಹೆಸರು ಗುಟ್ಟಾಗಿಡಬೇಕು ಅಂತಲೂ ಕಾನೂನೇ ಹೇಳುತ್ತೆ. ಇಟ್ಟುಕೊಳ್ಳೋದಾದರೆ, ಪಿಲ್ ತಗೊಂಡಿದ್ದರಿಂದ ಮಗುವಿಗೆ ತೊಂದರೆ ಅನ್ನೋ ಹೆದರಿಕೆ ಬಿಡಿ.

ನೆಗೆಟಿವ್ ಬಂದು ಮುಟ್ಟೂ ಬರದಿದ್ದರೆ ಒಂದು ವಾರ ಬಿಟ್ಟು ಇನ್ನೊಂದು ಟೆಸ್ಟು. ಅದೂ ನೆಗೆಟಿವ್ ಆದರೆ ಥೈರಾಯ್ಡ್, ಪಿಸಿಒಡಿ (ಅಂಡಾಶಯದ ಹಾರ್ಮೋನು ತೊಂದರೆ) ನೋಡೋಕೆ ಡಾಕ್ಟರ ಹತ್ತಿರ ಹೋಗಿ. ಫಿಟ್ಸ್ ಅಥವಾ ಟಿಬಿ ಮಾತ್ರೆ ತಗೋತಿದ್ದರೆ ಅದನ್ನ ಮೊದಲೇ ಹೇಳಿ. ಕಾರ್ಬಮಜೆಪಿನ್, ಫೆನಿಟಾಯಿನ್, ರಿಫಾಂಪಿಸಿನ್ ಇದ್ದರೆ ಐ-ಪಿಲ್ ಕಸುವು ತಗ್ಗುತ್ತೆ. ಅಂಥವರಿಗೆ ರಕ್ಷಣೆ ಇಲ್ಲದೆ ಸೇರಿದ ಐದು ದಿನದೊಳಗೆ ಕಾಪರ್-ಟಿ ಹಾಕಿಸೋದೇ ಸರಿ, ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಹಾಕ್ತಾರೆ.