ಲೆಟರಿಂಗ್ ಮಾಡಿಕೊಂಡೇ ಡಿಸೈನ್ ಪಾಠವನ್ನೂ ಮಾಡಬಹುದೇ?

ಮಾಡಬಹುದು. ಲೆಟರಿಂಗ್, ಅಂದರೆ ಮುಖಪುಟ, ಲೋಗೊಗಳಂಥವಕ್ಕೆ ಅಕ್ಷರ ಬಿಡಿಸುವ ಕೆಲಸ, ಒಂದು ತಿಂಗಳು ಬಂದರೆ ಮುಂದಿನ ತಿಂಗಳು ಬರುವುದಿಲ್ಲ, ಪಾಠ ಆ ಏರಿಳಿತವನ್ನು ತಡೆಯುತ್ತದೆ. ಆದರೆ ಮೊದಲು ಕೈ ಕುದುರಲಿ.

ಪೋರ್ಟ್‌ಫೋಲಿಯೊದಲ್ಲಿ (ನಿಮ್ಮ ಕೆಲಸದ ಮಾದರಿಗಳ ಸಂಗ್ರಹದಲ್ಲಿ) ಬಿಡಿ ಅಕ್ಷರ, ವರ್ಣಮಾಲೆಯ ಹಾಳೆ ಬೇಡ. ಎಂಟು–ಹತ್ತು ಪೂರ್ತಿ ಪದಗಳಿರಲಿ, ಪ್ರತಿಯೊಂದರ ಪಕ್ಕದಲ್ಲಿ ಪೆನ್ಸಿಲ್ ಸ್ಕೆಚ್ ಇರಲಿ. ಕಷ್ಟದ ಪದಗಳನ್ನೇ ಆರಿಸಿ. 'ಜಲಚರ' ಬರೆದು ನೋಡಿ: ಜ, ಲ ಎರಡಕ್ಕೂ ತಲೆಕಟ್ಟಿಲ್ಲ, ಚ, ರ ಎರಡಕ್ಕೂ ಇದೆ. ಅಳತೆಪಟ್ಟಿ ಹಿಡಿದು ಸಮಾನ ಅಂತರ ಕೊಟ್ಟರೂ ಪದದ ಮೊದಲರ್ಧ ಮೇಲ್ಗಡೆ ಬೋಳಾಗಿ ಕಾಣುತ್ತದೆ. ಅಂತರವನ್ನು ಕಣ್ಣಳತೆಯಲ್ಲೇ ಸರಿಪಡಿಸಬೇಕು. 'ಲಕ್ಷ್ಮಿ'ಯಲ್ಲಿ ತೊಂದರೆ ಕೆಳಗಡೆ. ಎರಡು ಒತ್ತು ಸೇರಿ ಜಾಗ ತಿನ್ನುತ್ತವೆ. ಅವನ್ನು ಅತಿಯಾಗಿ ಕುಗ್ಗಿಸಿದರೆ ಗೆರೆ ತೆಳುವಾಗಿ, ಚಿಕ್ಕ ಗಾತ್ರದಲ್ಲಿ ಅಚ್ಚಾದಾಗ ಮಾಯವಾಗುತ್ತವೆ. ಒತ್ತು ಚಿಕ್ಕದಾಗಲಿ, ಅದರ ಗೆರೆಯ ದಪ್ಪ ಮಾತ್ರ ಅದೇ ಪ್ರಮಾಣದಲ್ಲಿ ಇಳಿಯಬಾರದು.

ಟ್ರೇಸಿಂಗ್ ಹಾಳೆಯ ಮೇಲೆ ಮೂರ್ನಾಲ್ಕು ಸಲ ತಿದ್ದಿದ ಮೇಲೆಯೇ ಕಂಪ್ಯೂಟರಿಗೆ ಹೋಗಿ. ವೆಕ್ಟರ್, ಅಂದರೆ ಬಿಂದುಗಳನ್ನು ಸೇರಿಸಿ ಮೂಡಿಸುವ ಗೆರೆ, ಎಳೆಯುವಾಗ ಆ ಬಿಂದುಗಳನ್ನು ವಕ್ರರೇಖೆಯ ತುತ್ತತುದಿಗಳಲ್ಲಿ ಇಡಿ: ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ. ಬಿಂದು ಹೆಚ್ಚಾದಷ್ಟೂ ಗೆರೆ ಡೊಂಕು. ಆಟೋಟ್ರೇಸ್ (ಚಿತ್ರವನ್ನು ಕಂಪ್ಯೂಟರೇ ವೆಕ್ಟರ್ ಗೆರೆಯಾಗಿಸುವ ಸೌಲಭ್ಯ) ಕೊಡುವ ಗೆರೆ ಇಂಥ ಬಿಂದುಗಳಿಂದಲೇ ತುಂಬಿರುತ್ತದೆ, ಅದನ್ನು ನಾನಂತೂ ಯಾರಿಗೂ ಸಲಹೆ ಮಾಡುವುದಿಲ್ಲ.

ಕೆಲಸ ಒಪ್ಪಿಕೊಳ್ಳುವಾಗ ಅರ್ಧ ಹಣ ಮುಂಗಡ, ತಿದ್ದುಪಡಿ ಎಷ್ಟು ಸುತ್ತು, ಅಕ್ಷರವನ್ನು ಎಲ್ಲೆಲ್ಲಿ ಎಷ್ಟು ಕಾಲ ಬಳಸಬಹುದು, ಇವಿಷ್ಟು ಬರಹದಲ್ಲಿರಲಿ. ಜಗಳ ಹುಟ್ಟುವುದು ಹೆಚ್ಚಾಗಿ ಕೊನೆಯದರಿಂದ. ಮುಖಪುಟಕ್ಕೆಂದು ಬರೆದದ್ದು ಲೋಗೊ ಆಗಿಬಿಟ್ಟಿರುತ್ತದೆ.

ಇನ್ನು ಪಾಠ. ಪೂರ್ಣಾವಧಿ ಹುದ್ದೆಗೆ ಸಾಮಾನ್ಯವಾಗಿ ಸ್ನಾತಕೋತ್ತರ ಪದವಿ ಕೇಳುತ್ತಾರೆ. ಕಾರ್ಯಾಗಾರಕ್ಕೆ, ಅತಿಥಿ ಉಪನ್ಯಾಸಕ್ಕೆ ಕೆಲಸವೇ ಅರ್ಹತೆ. ಲಂಡನ್ನಿನಲ್ಲಿ 1899ರಿಂದ ಅಕ್ಷರ ಕಲಿಸುತ್ತಿದ್ದ ಎಡ್ವರ್ಡ್ ಜಾನ್ಸ್ಟನ್ ಅವರೇ ಮುಂದೆ ಅಲ್ಲಿನ ಸುರಂಗ ರೈಲಿನ ಅಕ್ಷರಗಳನ್ನು ರೂಪಿಸಿದರು, ಹಾಗಾಗಿ ಎರಡೂ ದಾರಿ ಒಟ್ಟಿಗೆ ಸಾಗುವುದು ಹೊಸದೇನಲ್ಲ. ಮೊದಲ ತರಗತಿಗೆ ಎರಡು ಪೆನ್ಸಿಲ್‌ಗಳನ್ನು ಜೋಡಿಸಿ ಕಟ್ಟಿ ಬರೆಸಿ. ಗೆರೆ ಎಲ್ಲಿ ದಪ್ಪ, ಎಲ್ಲಿ ತೆಳು, ಯಾಕೆ ಎಂಬುದು ವಿವರಣೆಯಿಲ್ಲದೆ ಕಣ್ಣಿಗೆ ಕಾಣುತ್ತದೆ. ತಿದ್ದುವಾಗ 'ಚೆನ್ನಾಗಿದೆ', 'ಇನ್ನೂ ಚೆನ್ನಾಗಬೇಕು' ಅನ್ನಬೇಡಿ. ಹಾಳೆಯನ್ನು ತಲೆಕೆಳಗು ಮಾಡಿ ಹಿಡಿಸಿ. ಓದಲು ಬಾರದಾಗ ಆಕಾರ ಕಾಣತೊಡಗುತ್ತದೆ, ತಪ್ಪು ಎಲ್ಲಿದೆಯೆಂದು ವಿದ್ಯಾರ್ಥಿಯೇ ಬೆರಳಿಟ್ಟು ತೋರಿಸುತ್ತಾನೆ.