ಮಸುಕು ಮೊಟ್ಟೆಯೇ ಅಸಲಿ

ಪ್ರಶ್ನೆ: ಡಬ್ಲ್ಯುಒಎಚ್ ಜಿ64 ಎಂಬ ನಕ್ಷತ್ರದ ಎರಡು ಚಿತ್ರ ನೋಡಿದೆ. ಒಂದು ಕೆಂಪಗೆ ಧಗಧಗಿಸುತ್ತಿದೆ, ಇನ್ನೊಂದು ಮಸುಕಾದ ಮೊಟ್ಟೆಯ ಹಾಗಿದೆ. ಯಾವುದು ನಿಜ? ಮೊಟ್ಟೆಯೂ ಕಂಪ್ಯೂಟರ್ ಕಟ್ಟಿದ್ದಂತೆ. ಅದನ್ನು ಫೋಟೊ ಅನ್ನಬಹುದೇ? (ಓದುಗರೊಬ್ಬರು, ಶಿರಸಿ)

ಉತ್ತರ: ಧಗಧಗಿಸುವುದು ಕಲಾವಿದರ ಕಲ್ಪನೆ, ಮಸುಕಾದದ್ದೇ ಅಸಲಿ. ನಮ್ಮ ಪತ್ರಿಕೆಗಳದ್ದು ಒಂದು ಚಾಳಿ: ಅಂದದ ಚಿತ್ರವನ್ನು ಅಗಲಕ್ಕೆ ಹಾಕಿ, ‘ಕಲ್ಪನಾ ಚಿತ್ರ’ ಎಂಬ ಮಾತನ್ನು ಕನ್ನಡಕ ಹಾಕಿದರೂ ಕಾಣದ ಅಕ್ಷರದಲ್ಲಿ ಅಚ್ಚು ಮಾಡುತ್ತವೆ. ನನ್ನನ್ನು ಕೇಳಿದ್ದರೆ ಮುಖಪುಟವನ್ನು ಮೊಟ್ಟೆಗೇ ಕೊಡುತ್ತಿದ್ದೆ. ನಮ್ಮ ಹಾಲುಹಾದಿಯ ಆಚೆಗಿನ ನಕ್ಷತ್ರವೊಂದನ್ನು ಅಷ್ಟು ಹತ್ತಿರದಿಂದ ಕಂಡದ್ದು ಅದೇ ಮೊದಲು. ಅದಿರುವುದು ‘ದೊಡ್ಡ ಮೆಗೆಲನ್ ಮೋಡ’ ಎಂಬ ನೆರೆಯ ಗೆಲಕ್ಸಿಯಲ್ಲಿ, ಸುಮಾರು 1,60,000 ಬೆಳಕಿನ ವರ್ಷ ದೂರ. ಖಗೋಳ ವಿಜ್ಞಾನಿ ಕೆಯಿಚಿ ಒಹ್ನಾಕ ಮತ್ತು ಸಂಗಡಿಗರು 2024ರ ನವೆಂಬರ್‌ನಲ್ಲಿ ಅದನ್ನು ಪ್ರಕಟಿಸಿದರು. ಮೊಟ್ಟೆಯಾಗಿ ಕಾಣುವುದು ನಕ್ಷತ್ರದ ಮೈಯಲ್ಲ. ಅದು ತಾನೇ ಉಗುಳಿ ಸುತ್ತ ಕವಿದುಕೊಂಡಿರುವ ಧೂಳು.

ಫೋಟೊ ಅನ್ನಬಹುದೇ ಎಂದರೆ, ಕ್ಯಾಮೆರಾ ಕ್ಲಿಕ್ಕಿಸಿದ ಅರ್ಥದಲ್ಲಿ ಅಲ್ಲ. ಚಿಲಿ ದೇಶದ ಪರನಾಲ್ ಬೆಟ್ಟದ ಮೇಲೆ ದೂರ ದೂರ ನಿಂತ ನಾಲ್ಕು ದೂರದರ್ಶಕಗಳ ಬೆಳಕನ್ನು ನೆಲದಡಿಯ ಸುರಂಗಕ್ಕಿಳಿಸಿ ಒಂದೆಡೆ ಬೆರೆಸುತ್ತಾರೆ. ಭೂಮಿ ತಿರುಗುತ್ತಲೇ ಇರುವುದರಿಂದ ಒಂದರ ಬೆಳಕು ಬೇಗ ಬರುತ್ತದೆ, ಇನ್ನೊಂದರದು ತಡವಾಗುತ್ತದೆ. ಅದನ್ನು ಸರಿದೂಗಿಸಲು ಕನ್ನಡಿ ಹೊತ್ತ ಗಾಡಿಗಳು ಸುರಂಗದ ಹಳಿಗಳ ಮೇಲೆ ಇಡೀ ರಾತ್ರಿ ಸರಿಯುತ್ತಿರುತ್ತವೆ. ಕೂದಲಿನ ದಪ್ಪದಷ್ಟು ತಪ್ಪಿದರೂ ಕೆಲಸ ಕೆಟ್ಟಿತು. ಕೊನೆಗೆ ಸಿಗುವುದು ಬೆಳಕು-ಕತ್ತಲೆಯ ಪಟ್ಟೆಗಳು ಮಾತ್ರ. ಎರಡು ದೂರದರ್ಶಕಗಳ ಬೆಳಕು ಬೆರೆತರೆ ಒಂದು ಬಗೆಯ ಪಟ್ಟೆ. ನಾಲ್ಕು ದೂರದರ್ಶಕವೆಂದರೆ ಆರು ಜೋಡಿ, ಆರು ಬಗೆಯ ಪಟ್ಟೆ. ಮೇಲಿನ ಗಾಳಿ ಈ ಪಟ್ಟೆಗಳನ್ನು ಅಲುಗಾಡಿಸುತ್ತದೆ, ನಿಜ. ಆದರೆ ಮೂರು ದೂರದರ್ಶಕಗಳನ್ನು ತ್ರಿಕೋನವಾಗಿ ತೆಗೆದುಕೊಂಡು ಮೂರೂ ಜೋಡಿಗಳ ಪಟ್ಟೆ ಎಷ್ಟು ಸರಿದಿದೆ ಎಂಬುದನ್ನು ಕೂಡಿದರೆ ಗಾಳಿ ತಂದ ದೋಷ ತನ್ನಷ್ಟಕ್ಕೆ ವಜಾ ಆಗುತ್ತದೆ. ಇಡೀ ವಿದ್ಯೆಯಲ್ಲಿ ನನಗೆ ತುಂಬ ಹಿಡಿಸಿದ ಜಾಣತನ ಇದು.

ಆಮೇಲೆ ಕಂಪ್ಯೂಟರಿನ ಸರದಿ. ಯಾವ ಆಕಾರವಿದ್ದರೆ ಇಷ್ಟೂ ಪಟ್ಟೆಗಳು ಹೀಗೇ ಮೂಡುತ್ತವೆ ಎಂದು ಅದು ಹುಡುಕುತ್ತದೆ. ಒಂದಕ್ಕಿಂತ ಹೆಚ್ಚು ಉತ್ತರ ಹೊಂದಬಹುದಾದ್ದರಿಂದ ಬೇರೆ ಬೇರೆ ವಿಧಾನಗಳಲ್ಲಿ ಕಟ್ಟಿ ನೋಡಿ, ಎಲ್ಲದರಲ್ಲೂ ಉಳಿಯುವ ಅಂಶವನ್ನಷ್ಟೇ ನಂಬುತ್ತಾರೆ. ಕಂಪ್ಯೂಟರ್ ಕಟ್ಟಿದ್ದು ಹೌದು, ಕಲ್ಪಿಸಿದ್ದಲ್ಲ.

ಪ್ರಶ್ನೆ: ಪಟ್ಟೆ ನೋಡಿ ನಕ್ಷತ್ರದ ಗಾತ್ರ ಹೇಗೆ ಹೇಳುತ್ತಾರೆ ಸರ್? (ಪಿಯುಸಿ ವಿದ್ಯಾರ್ಥಿನಿ, ಹಾವೇರಿ)

ಉತ್ತರ: ಮೊದಲು ಪಟ್ಟೆಯನ್ನು ನೀನೇ ನೋಡಮ್ಮ. ಜಾತ್ರೆಯಲ್ಲಿ ಸಿಗುವ ಕೆಂಪು ಲೇಸರ್ ಲೈಟಿನ ಬಾಯಿಗೆ ತಲೆಗೂದಲೊಂದನ್ನು ಅಡ್ಡ ಅಂಟಿಸಿ, ಕತ್ತಲೆ ಕೋಣೆಯಲ್ಲಿ ಮೂರು ಮೀಟರ್ ದೂರದ ಗೋಡೆಗೆ ಬಿಡು. ಒಂದೇ ಚುಕ್ಕೆ ಬೀಳಬೇಕಾದಲ್ಲಿ ಸಾಲು ಗೆರೆಗಳು ಬೀಳುತ್ತವೆ. ನಡುವಿನ ಅಗಲದ ಪಟ್ಟೆ ಬಿಟ್ಟರೆ ಉಳಿದವುಗಳ ನಡುವೆ ಎರಡು-ಮೂರು ಸೆಂಟಿಮೀಟರ್ ಅಂತರ. (ಕಣ್ಣಿಗೆ ಮಾತ್ರ ಬಿಡಬೇಡ, ಯಾರ ಕಣ್ಣಿಗೂ.)

ನಕ್ಷತ್ರದ ಬೆಳಕನ್ನು ಎರಡು ಕನ್ನಡಿಗಳಲ್ಲಿ ಹಿಡಿದು ಬೆರೆಸಿದರೂ ಇಂಥ ಪಟ್ಟೆ ಮೂಡುತ್ತದೆ. ನಕ್ಷತ್ರ ಬರಿಯ ಬಿಂದುವಾಗಿದ್ದರೆ ಪಟ್ಟೆ ಸ್ಪಷ್ಟ. ಅದಕ್ಕೆ ಅಗಲವಿದ್ದರೆ ಮೈಯ ಒಂದೊಂದು ಭಾಗವೂ ತನ್ನದೇ ಪಟ್ಟೆಗಳನ್ನು ತುಸು ಸರಿಸಿ ಮೂಡಿಸುತ್ತದೆ. ಒಂದರ ಕತ್ತಲೆಯನ್ನು ಇನ್ನೊಂದರ ಬೆಳಕು ತುಂಬುತ್ತದೆ. ಬೆಳಕು ಹಿಡಿಯುವ ಕನ್ನಡಿಗಳನ್ನು ದೂರ ಸರಿಸುತ್ತ ಹೋದರೆ ಒಂದು ಹಂತದಲ್ಲಿ ಪಟ್ಟೆಗಳು ಅಳಿಸಿಹೋಗುತ್ತವೆ. ಆ ಅಂತರವೇ ಗಾತ್ರ ಹೇಳುತ್ತದೆ. ಅಮೆರಿಕದ ಮೌಂಟ್ ವಿಲ್ಸನ್‌ನಲ್ಲಿ 1920ರ ಡಿಸೆಂಬರ್ 13ರ ರಾತ್ರಿ ಭೌತವಿಜ್ಞಾನಿ ಮೈಕಲ್‌ಸನ್ನರ ವಿಧಾನದಲ್ಲಿ ಖಗೋಳ ವಿಜ್ಞಾನಿಗಳಾದ ಪೀಸ್ ಮತ್ತು ಆಂಡರ್ಸನ್ ಮಾಡಿದ್ದು ಇದನ್ನೇ. ದೊಡ್ಡ ದೂರದರ್ಶಕದ ನೆತ್ತಿಗೆ 20 ಅಡಿಯ ಉಕ್ಕಿನ ತೊಲೆ ಕಟ್ಟಿ, ಅದರ ಮೇಲಿನ ಕನ್ನಡಿಗಳನ್ನು ಸರಿಸಿದರು. ಅಂತರ ಸುಮಾರು 10 ಅಡಿ ಆದಾಗ ಆರಿದ್ರಾ ನಕ್ಷತ್ರದ ಪಟ್ಟೆ ಮಾಯವಾಯಿತು. ಲೆಕ್ಕ ಹಾಕಿದರೆ ವ್ಯಾಸ 0.047 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3,600ನೇ ಒಂದು ಪಾಲು ಒಂದು ಆರ್ಕ್‌ಸೆಕೆಂಡ್). ಮೈಸೂರಿನಲ್ಲಿಟ್ಟ ಹತ್ತು ರೂಪಾಯಿ ನಾಣ್ಯ ಬೆಂಗಳೂರಿಗೆ ಎಷ್ಟು ಕಾಣಬಹುದೋ ಹೆಚ್ಚುಕಮ್ಮಿ ಅಷ್ಟು! ಮೇಲಿನ ಪ್ರಶ್ನೆಯ ಮೊಟ್ಟೆ ಅದರ ಹತ್ತನೇ ಒಂದು ಪಾಲು.

ಆರಿದ್ರಾ ಮಳೆಯ ಹೆಸರು ಇದರದ್ದೇ. ಆ ಮಳೆಯ ಹೊತ್ತಿಗೆ ಸೂರ್ಯ ಅದರ ದಿಕ್ಕಿನಲ್ಲೇ ಇರುವುದರಿಂದ ನಕ್ಷತ್ರ ಕಾಣಿಸದು. ಜನವರಿ ರಾತ್ರಿ ನೋಡು.

ಪ್ರಶ್ನೆ: ನಕ್ಷತ್ರಗಳೆಲ್ಲ ದುಂಡಗೇ ಇರುತ್ತವೆಯೇ? (ಓದುಗರು, ಕೊಪ್ಪಳ)

ಉತ್ತರ: ಇಲ್ಲ. ಶ್ರವಣ ನಕ್ಷತ್ರ ಸುಮಾರು 8 ಗಂಟೆಗೊಮ್ಮೆ ಗಿರ್ರನೆ ತಿರುಗಿ ನಡು ಉಬ್ಬಿಸಿಕೊಂಡಿದೆ. ಅದೇ ಮೌಂಟ್ ವಿಲ್ಸನ್ ಮೇಲಿನ ‘ಚಾರಾ’ ದೂರದರ್ಶಕ ಸಾಲಿನಿಂದ 2007ರಲ್ಲಿ ಅದರ ಚಿತ್ರ ಬಂತು. ಉಬ್ಬಿದ ನಡು ತಣ್ಣಗಾಗಿ ಮಂಕಾಗಿದೆ, ಧ್ರುವಗಳು ಹೊಳೆಯುತ್ತವೆ.

ಪ್ರಶ್ನೆ: ನಮ್ಮಲ್ಲಿ ಇಂಥದ್ದು ಇಲ್ಲವೇ? (ಓದುಗರು, ತುಮಕೂರು)

ಉತ್ತರ: ನಕ್ಷತ್ರದ ಮೈ ತೋರಿಸುವ ಬೆಳಕಿನ ಯಂತ್ರ ಇಲ್ಲ. ರೇಡಿಯೊ ಅಲೆಗಳದ್ದು ಇದೆ, ಅದೂ ನಿಮಗೆ ದೂರವೇನಲ್ಲ. ಗೌರಿಬಿದನೂರಿನಲ್ಲಿ ಆಂಟೆನಾಗಳನ್ನು ಇಂಗ್ಲಿಷಿನ ‘ಟಿ’ ಆಕಾರದಲ್ಲಿ ನೆಟ್ಟು, 1997ರಿಂದ ಸೂರ್ಯನ ಸುತ್ತಲಿನ ಬಿಸಿ ಅನಿಲದ ಹೊದಿಕೆಯಾದ ಕರೋನಾವನ್ನು ಚಿತ್ರಿಸುತ್ತಿದ್ದಾರೆ. ಸೂರ್ಯನೂ ನಕ್ಷತ್ರವೇ ತಾನೆ? ಭಾರತೀಯ ಖಭೌತ ಸಂಸ್ಥೆಯ ಕೇಂದ್ರ ಅದು. ಹೋಗುವ ಮೊದಲು ಪತ್ರ ಬರೆದು ಅನುಮತಿ ಕೇಳಿ.