ರಾಡ್‌ಬರ್ನ್ ಗೆದ್ದದ್ದು 59 ಪಂದ್ಯವೋ, 60 ಪಂದ್ಯವೋ?

1884ರ ಒಂದೇ ಸೀಸನ್ನಿನಲ್ಲಿ ಅಮೆರಿಕದ ಬೇಸ್‌ಬಾಲ್ ಪಿಚರ್ (ಬ್ಯಾಟರ್‌ಗೆ ಚೆಂಡೆಸೆಯುವವ) ಚಾರ್ಲ್ಸ್ ‘ಓಲ್ಡ್ ಹಾಸ್’ ರಾಡ್‌ಬರ್ನ್ ಅಷ್ಟು ಪಂದ್ಯ ಗೆದ್ದದ್ದು ಹೇಗೆ, ಕೆಲವೆಡೆ 59, ಕೆಲವೆಡೆ 60 ಎಂದಿರುವುದೇಕೆ ಎಂದು ಕೇಳಿದ್ದೀರಿ. ಎರಡನೆಯದು ಸುಲಭ. ಬೇಸ್‌ಬಾಲ್‌ನಲ್ಲಿ ತಂಡದ ಗೆಲುವನ್ನು ಒಬ್ಬ ಪಿಚರ್‌ನ ಹೆಸರಿಗೂ ಬರೆಯುತ್ತಾರೆ. ಜುಲೈ ಕೊನೆಯಲ್ಲಿ ಫಿಲಡೆಲ್ಫಿಯಾ ವಿರುದ್ಧದ ಒಂದು ಪಂದ್ಯವನ್ನು ಅದೇ ತಂಡದ ಸೈಕ್ಲೋನ್ ಮಿಲ್ಲರ್ ಶುರು ಮಾಡಿದ, ರಾಡ್‌ಬರ್ನ್ ಮುಗಿಸಿದ. ಅಂದಿನ ಲೆಕ್ಕಿಗರು ಗೆಲುವನ್ನು ರಾಡ್‌ಬರ್ನ್‌ಗೆ ಬರೆದರು. ಈಗಿನ ನಿಯಮ ಹಿಡಿದರೆ ಅದು ಮಿಲ್ಲರ್‌ನದು. ನನ್ನ ಮಟ್ಟಿಗೆ 59 ಸರಿ.

ಇನ್ನು ಮೊದಲನೆಯದು. ರಾಡ್‌ಬರ್ನ್ ಆಡುತ್ತಿದ್ದ ಪ್ರಾವಿಡೆನ್ಸ್ ಗ್ರೇಸ್ ತಂಡದಲ್ಲಿ ಇದ್ದದ್ದೇ ಇಬ್ಬರು ಮುಖ್ಯ ಪಿಚರ್‌ಗಳು: ಅವನು ಮತ್ತು ಚಾರ್ಲಿ ಸ್ವೀನಿ. ಜುಲೈ 22ರಂದು ಸ್ವೀನಿ ಪಂದ್ಯದ ನಡುವೆಯೇ ಮೈದಾನ ಬಿಟ್ಟು ಹೋದ. ಆಗ ಅಮಾನತಿನಲ್ಲಿದ್ದ ರಾಡ್‌ಬರ್ನ್ ಷರತ್ತು ಹಾಕಿ ಮರಳಿದ: ಉಳಿದ ಪಂದ್ಯಗಳನ್ನೆಲ್ಲ ಎಸೆಯುತ್ತೇನೆ, ಹೆಚ್ಚಿನ ಹಣ ಕೊಡಿ, ಸೀಸನ್ ಮುಗಿದ ಮೇಲೆ ಒಪ್ಪಂದದಿಂದ ಬಿಡಿ. ಎಸೆತದ ದೂರವೂ ಆಗ 50 ಅಡಿ. 60 ಅಡಿ 6 ಅಂಗುಲ ಬಂದದ್ದು 1893ರಲ್ಲಿ. ವಾಕ್ (ಬ್ಯಾಟರ್‌ಗೆ ಪುಕ್ಕಟೆ ಮೊದಲ ಬೇಸ್) ಕೊಡಲು ಈಗಿನಂತೆ ನಾಲ್ಕಲ್ಲ, ಆರು ‘ಬಾಲ್’ (ಗುರಿ ತಪ್ಪಿದ ಎಸೆತ) ಬೇಕಿತ್ತು. ಇವೆಲ್ಲ ಪಿಚರ್‌ಗೆ ಅನುಕೂಲವೇ. ಹಾಗೆಂದು ಸಾಧನೆಯನ್ನು ಕಡಿಮೆ ಎಣಿಸಬೇಡಿ. ಆರಂಭಿಸಿದ 73 ಪಂದ್ಯಗಳಲ್ಲಿ 73ನ್ನೂ ಅವನೇ ಮುಗಿಸಿದ, 678 ಇನ್ನಿಂಗ್ಸ್‌ಗೂ ಮಿಕ್ಕಿ ಎಸೆದ, 441 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್) ಪಡೆದ. ಅದಾದ ಮೇಲೆ ನ್ಯೂಯಾರ್ಕ್ ಮೆಟ್ರೊಪಾಲಿಟನ್ಸ್ ವಿರುದ್ಧದ ಸರಣಿಯ ಮೂರೂ ಪಂದ್ಯಗಳನ್ನು ಗೆದ್ದುಕೊಟ್ಟವನೂ ಅವನೇ.